ಬಾವಿ ಹಗ್ಗ ಹಿಡಿದು ಕಡಲಿಗೆ

ವಿಮಾನ ನಿಲ್ದಾಣ

ಸೂಟ್‌ಕೇಸಿನ ತೂಕ ಎರಡು ಕಿಲೋ ಹೆಚ್ಚಾಗಿತ್ತು. ಒಂದಷ್ಟು ಸಾಮಾನು ಕೈಚೀಲಕ್ಕೆ ಹಾಕಿಕೊಳ್ಳಿ ಎಂದು ಕೌಂಟರಿನ ಹುಡುಗಿ ಹೇಳಿದಳು. ಅಲ್ಲೇ ನೆಲದ ಮೇಲೆ ಕೂತು ತೆರೆದೆ. ಚಟ್ನಿಪುಡಿ, ಹುರಿಹಿಟ್ಟು, ನಾಲ್ಕು ನೈಟಿ, ಎಲ್ಲದರ ಮೇಲೆ ಸುರುಳಿ ಸುತ್ತಿ ಮಲಗಿದ್ದ ಹದಿನೈದು ಅಡಿ ನೂಲಿನ ಬಾವಿ ಹಗ್ಗ. ಸಾಲಿನಲ್ಲಿ ಹಿಂದೆ ನಿಂತವರೆಲ್ಲ ಕತ್ತು ಚಾಚಿದರು.

"ಇದೇನಾಂಟಿ?" ಎಂದಳು ಆ ಹುಡುಗಿ.

"ಹಗ್ಗ ಕಣಮ್ಮ."

"ಅದು ಕಾಣ್ತಿದೆ. ಯಾಕೆ ಅಂತ?"

ನಾನು ಬಾಯಿ ತೆರೆಯುವ ಮೊದಲೇ ನನ್ನ ತಂಗಿ ಗಿರಿಜ ಉತ್ತರ ಕೊಟ್ಟಳು: "ನನ್ನ ಸೊಂಟಕ್ಕೆ ಕಟ್ಟಿ ಸಮುದ್ರಕ್ಕೆ ಇಳಿಸ್ತಾಳಂತೆ. ನಮ್ಮಕ್ಕ ಲೆಕ್ಕದ ಮೇಷ್ಟ್ರು, ಎಲ್ಲಾದಕ್ಕೂ ಒಂದು ಅಳತೆ ಇರತ್ತೆ."

ಸಾಲೆಲ್ಲ ನಕ್ಕಿತು. ನಾನು ನಗಲಿಲ್ಲ. ಆ ಹಗ್ಗದ ವಿಷಯದಲ್ಲಿ ನಾನು ನಗುವುದಿಲ್ಲ. ಯಾಕೆಂದು ಮೊದಲೇ ಹೇಳಿಬಿಡುತ್ತೇನೆ.

ಆವನಿಯ ಹತ್ತಿರ ನಮ್ಮ ತಾತನ ಹೊಲದಲ್ಲಿ ಒಂದು ಬಾವಿಯಿತ್ತು. ನಮ್ಮ ಕಡೆ ನದಿಯಿಲ್ಲ, ಸಮುದ್ರವಂತೂ ನಕ್ಷೆಯಲ್ಲಿ ಮಾತ್ರ. ಈಜು ಕಲಿಯುವವರು ಬಾವಿಯಲ್ಲೇ ಕಲಿಯಬೇಕು. ಕಲಿಯುವವರ ಸೊಂಟಕ್ಕೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಮೇಲೆ ಯಾರಾದರೂ ಹಿಡಿದಿರುವುದು ಪದ್ಧತಿ. ನನಗೆ ಹನ್ನೆರಡು, ಗಿರಿಜಳಿಗೆ ಎಂಟು. ಆ ದಿನ ಅವಳಿಗೆ ಹಗ್ಗ ಕಟ್ಟಿದವಳೂ ನಾನೇ, ಮೇಲೆ ಹಿಡಿದು ನಿಂತವಳೂ ನಾನೇ. ಅವಳು ಮೆಟ್ಟಿಲಿನಿಂದ ಜಿಗಿದಳು. ನಾನು ಎಳೆದೆ. ಹಗ್ಗ ಹಗುರವಾಗಿ ಮೇಲೆ ಬಂತು. ತುದಿಯಲ್ಲಿ ಯಾರೂ ಇರಲಿಲ್ಲ.

ತಾತ ಪಂಚೆಯಲ್ಲೇ ಹಾರಿ ಅವಳನ್ನು ಎತ್ತಿ ತಂದರು. ಒಂದು ಹಲ್ಲು ಹೋಗಿತ್ತು, ಮೆಟ್ಟಿಲಿಗೆ ತಾಗಿರಬೇಕು ಎಂದರು. ಹೊಟ್ಟೆಯಲ್ಲಿದ್ದ ನೀರು ಹೊರಬಂದ ಮೇಲೆ ಅವಳು ಅತ್ತಳು. ಅಂದಿನಿಂದ ಗಿರಿಜ ನೀರಿಗಿಳಿಯಲಿಲ್ಲ, ಮತ್ತು ಅಂದಿನಿಂದ ನಮ್ಮ ಮನೆಯಲ್ಲಿ ಯಾರೂ ನನ್ನ ಕೈಯಲ್ಲಿ ಗಂಟು ಹಾಕಿಸಲಿಲ್ಲ. ಮಾವಿನಹಣ್ಣಿನ ಪೆಟ್ಟಿಗೆ ಕಟ್ಟುವಾಗ, ತೋರಣ ಕಟ್ಟುವಾಗ, ಹಸು ಕಟ್ಟುವಾಗ, ಎಲ್ಲಕ್ಕೂ ಒಂದೇ ಮಾತು: "ಸುಮಿತ್ರನ ಕೈಗೆ ಕೊಡ್ಬೇಡಿ, ಬಿಚ್ಚಿಹೋಗತ್ತೆ." ಗಿರಿಜಳ ಮದುವೆಯಲ್ಲಿ ಅವಳ ಸೆರಗಿಗೂ ಮದುಮಗನ ಶಲ್ಯಕ್ಕೂ ಗಂಟು ಹಾಕಲು ನಾನು ಮುಂದೆ ಹೋದೆ. ನಮ್ಮ ಚಿಕ್ಕಮ್ಮ ತುಂಬಿದ ಛತ್ರದಲ್ಲಿ ಅದೇ ಮಾತು ಹೇಳಿದರು. ಪುರೋಹಿತರೂ ನಕ್ಕರು. ಮದುಮಗಳೂ ನಕ್ಕಳು.

ಈಗ ಆ ಮದುಮಗಳಿಗೆ ನಲವತ್ತೈದು. ಶ್ರೀನಿವಾಸಪುರದಲ್ಲಿ ಔಷಧಿ ಅಂಗಡಿ ನಡೆಸುತ್ತಾಳೆ. ಹುಟ್ಟುಹಬ್ಬದ ದಿನ ಫೋನ್ ಮಾಡಿ, "ಅಕ್ಕ, ಸಮುದ್ರದಲ್ಲಿ ಹಲಗೆ ಮೇಲೆ ನಿಂತ್ಕೊಂಡು ಬರ್ತಾರಲ್ಲ, ಅದನ್ನ ನಾನು ಕಲೀಬೇಕು. ಶ್ರೀಲಂಕಾಕ್ಕೆ ಹೋಗ್ತೀನಿ. ಬರ್ತೀಯಾ?" ಎಂದಳು. ತಲೆ ಕೆಟ್ಟಿದೆಯಾ ಎಂದು ಕೇಳಿದೆ. ಆಮೇಲೆ ರಜೆ ಹಾಕಿದೆ. ನಾನಿಲ್ಲದೆ ಅವಳು ನೀರಿಗಿಳಿದರೆ ಮುಳಬಾಗಿಲಿನಲ್ಲಿ ನನಗೆ ಅನ್ನ ಇಳಿಯುತ್ತಿರಲಿಲ್ಲ. ಈ ಸಲ ಹೋದ ಹಾಗೆಯೇ ಅವಳನ್ನು ವಾಪಸು ತರಬೇಕು. ನನ್ನ ಪ್ರವಾಸದ ಉದ್ದೇಶ ಅಷ್ಟೇ.

ದಾರಿ

ಕೊಲಂಬೊದಲ್ಲಿ ಗಿರಿಜಳಿಗೆ ಬಹಳ ಹಿಡಿಸಿದ್ದು ರಸ್ತೆ ದಾಟುವುದು. ಬಿಳಿ ಪಟ್ಟೆಯ ಮೇಲೆ ಕಾಲಿಟ್ಟರೆ ಬಸ್ಸು ನಿಲ್ಲುತ್ತದೆ! ಕೋಲಾರದ ಬಸ್‌ಸ್ಟ್ಯಾಂಡಿನ ಮುಂದೆ ಜೀವ ಕೈಯಲ್ಲಿ ಹಿಡಿದು ಓಡಿ ಅಭ್ಯಾಸವಾದವಳು ಅವಳು. ಆ ಕಡೆ ಏನೂ ಕೆಲಸವಿಲ್ಲದಿದ್ದರೂ ಮೂರು ಸಲ ದಾಟಿ, ಮೂರು ಸಲ ವಾಪಸು ಬಂದಳು. ನಾಲ್ಕನೆಯ ಸಲಕ್ಕೆ ಒಬ್ಬ ಡ್ರೈವರು ಅವಳನ್ನು ಗುರುತು ಹಿಡಿದು ಕೈ ಬೀಸಿದ.

ಅಲ್ಲಿಂದ ದ್ವೀಪವನ್ನು ಅಡ್ಡ ದಾಟಿ ಪೂರ್ವ ತೀರಕ್ಕೆ ಇಡೀ ಒಂದು ಹಗಲಿನ ಪ್ರಯಾಣ. ನಾವಿದ್ದ ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನೀವೆಲ್ಲ ಹೋಗಿ ಗದ್ದಲ ಮಾಡುತ್ತೀರಿ. ಒಂದು ಬೀದಿ, ಅವರು ಪಿಳ್ಳೆಯಾರ್ ಎನ್ನುವ ಗಣಪತಿಯ ಒಂದು ಸಣ್ಣ ಗುಡಿ, ಮಗುಚಿ ಹಾಕಿದ ಹತ್ತು ದೋಣಿ, ಆಮೇಲೆ ಕಡಲು. ಮೀನುಗಾರರ ಮನೆಯ ಹೆಣ್ಣುಮಗಳು ಸೆಲ್ವಿ ಅಲ್ಲಿ ಹಲಗೆ ಸವಾರಿ ಕಲಿಸುತ್ತಾರೆ. ವಯಸ್ಸು ನಲವತ್ತರ ಹತ್ತಿರ, ತೋಳು ನಮ್ಮ ಪೈಲ್ವಾನರದಂತೆ, ಮಾತು ಮಾತ್ರ ಮೆತ್ತಗೆ. ಅವರ ಮನೆಯಲ್ಲೇ ನಮಗೆ ರೂಮು. ಹಿಂದೆ ನಾನು ಕೆಜಿಎಫ್‌ನಲ್ಲಿ ನಾಲ್ಕು ವರ್ಷ ಪಾಠ ಮಾಡಿದ್ದರಿಂದ ತಮಿಳು ಬರುತ್ತದೆ. ಸೆಲ್ವಿಯ ತಮಿಳು ಆ ತಮಿಳಲ್ಲ, ಅದರ ರಾಗವೇ ಬೇರೆ. ಆದರೂ ಅವರು ಹೇಳಿದ್ದು ನನಗೆ ತಿಳಿಯುತ್ತಿತ್ತು, ನಾನು ಗಿರಿಜಳಿಗೆ ಹೇಳುತ್ತಿದ್ದೆ. ಇಲ್ಲಿ ಅವರ ಮಾತನ್ನೂ ಕನ್ನಡದಲ್ಲೇ ಬರೆಯುತ್ತೇನೆ.

ಮೊದಲ ಊಟದಲ್ಲೇ ಎಡವಟ್ಟಾಯಿತು. ಒತ್ತು ಶಾವಿಗೆಯ ಜೊತೆಗೆ ಕೆಂಪು ಕಾಯಿಚಟ್ನಿ ಬಡಿಸಿದರು. ನಮ್ಮ ಮನೆಯದಕ್ಕಿಂತ ಚೆನ್ನಾಗಿದೆ ಎಂದು ಹೊಗಳಿ ಹೊಗಳಿ ಮೂರು ಸಲ ಹಾಕಿಸಿಕೊಂಡೆ. ಇದರಲ್ಲಿ ಏನು ಹಾಕುತ್ತೀರಿ ಎಂದು ಕೊನೆಯಲ್ಲಿ ಕೇಳಿದೆ. ತೆಂಗಿನಕಾಯಿ, ಮೆಣಸಿನಕಾಯಿ, ಈರುಳ್ಳಿ, ನಿಂಬೆ, ಒಣಮೀನಿನ ಪುಡಿ ಎಂದರು ಸೆಲ್ವಿ. ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ನನ್ನ ಕೈ ಬಾಯಿಯ ಹತ್ತಿರವೇ ನಿಂತಿತು. ಗಿರಿಜ ನನ್ನ ಮುಖ ನೋಡಿ, "ಅಮ್ಮಂಗೆ ಹೇಳಲ್ಲ ಬಿಡೇ" ಎಂದಳು. ಅವಳು ಗುಟ್ಟು ಇಟ್ಟುಕೊಳ್ಳುವುದರಲ್ಲಿ ಎಷ್ಟು ಗಟ್ಟಿ ಎಂದು ನನಗೆ ಆಗ ಗೊತ್ತಿರಲಿಲ್ಲ.

ಮೊದಲ ದಿನ, ಮರಳಿನ ಮೇಲೆ

ಬೆಳಗ್ಗೆ ನಾನು ನೈಟಿಯ ಮೇಲೊಂದು ಟವೆಲ್ ಹೊದ್ದು, ಹಗ್ಗ ಹಿಡಿದು ಸಿದ್ಧಳಾಗಿ ನಿಂತೆ. ಸೆಲ್ವಿ ಮೊದಲು ನೈಟಿ ನೋಡಿದರು, ಆಮೇಲೆ ಹಗ್ಗ ನೋಡಿದರು. ನೈಟಿಯ ಬದಲು ಮೈಗೆ ಅಂಟುವ ಕಪ್ಪು ಬಟ್ಟೆ ಕೊಟ್ಟರು. ಹಗ್ಗದ ಕಥೆ ಕೇಳಿ, ಅದನ್ನು ಒಯ್ದು ಅಂಗಳದ ಎರಡು ತೆಂಗಿನಮರಗಳ ನಡುವೆ ಕಟ್ಟಿ ನಮ್ಮ ಟವೆಲ್ಲುಗಳನ್ನು ಒಣಹಾಕಿದರು.

"ಇಲ್ಲಿ ಹಗ್ಗ ಹಲಗೆಗೇ ಇರುತ್ತದೆ, ನೋಡಿ" ಎಂದರು. ಹಲಗೆಯ ಬಾಲದಿಂದ ಒಂದು ರಬ್ಬರ್ ಬಳ್ಳಿ. ಅದರ ತುದಿಯಲ್ಲಿ ಒಂದು ಪಟ್ಟಿ. ಅದನ್ನು ಕಾಲಿನ ಹರಡಿಗೆ ಸುತ್ತಿ ಒತ್ತಿದರೆ ಅಂಟಿಕೊಳ್ಳುತ್ತದೆ, ಎಳೆದರೆ ಚರ್ರೆಂದು ಬಿಡುತ್ತದೆ. ಮಕ್ಕಳ ಶೂಗಳಲ್ಲಿ ಇರುತ್ತದಲ್ಲ, ಅದೇ. ನಮ್ಮ ಶಾಲೆಯ ಮಕ್ಕಳ ಶೂ ಪ್ರಾರ್ಥನೆ ಮುಗಿಯುವುದರೊಳಗೆ ಬಿಚ್ಚಿಕೊಂಡಿರುವುದನ್ನು ದಿನವೂ ನೋಡುವವಳು ನಾನು. ಇದಕ್ಕೆ ನನ್ನ ತಂಗಿಯನ್ನು ಒಪ್ಪಿಸಬೇಕೇ ಎಂದು ಪಟ್ಟಿಯನ್ನು ನಾಲ್ಕು ಸಲ ಎಳೆದು ನೋಡಿದೆ.

ಇಡೀ ಬೆಳಗ್ಗೆ ಮರಳಿನ ಮೇಲೆಯೇ ಪಾಠ. ಹೊಟ್ಟೆಯ ಮೇಲೆ ಮಲಗುವುದು, ಕೈಯಿಂದ ಮರಳು ಬಾಚುವುದು, "ಎಳುಂಬುಂಗೋ!" ಎಂದು ಸೆಲ್ವಿ ಕೂಗಿದ ಕೂಡಲೇ ಎದ್ದು ನಿಲ್ಲುವುದು. ನಲವತ್ತೊಂಬತ್ತರ ಮಂಡಿ ಕೂಡಲೇ ಏಳುವುದಿಲ್ಲ. ಅದು ಮೊದಲು ಅರ್ಜಿ ಹಾಕುತ್ತದೆ, ಆಮೇಲೆ ಒಂದೊಂದೇ ಕಾಲು ಮಂಜೂರಾಗುತ್ತದೆ. ಗಿರಿಜ ಮಾತ್ರ ಕಪ್ಪೆಯ ಹಾಗೆ ಎದ್ದಳು. ನಮ್ಮನ್ನು ನೋಡಲು ಎರಡು ಹಸುಗಳು ಬಂದು ನಿಂತವು. ಆ ಊರಿನಲ್ಲಿ ಹಸುಗಳು ಕಡಲ ದಂಡೆಯಲ್ಲಿ ಮಲಗಿ ಮೆಲುಕು ಹಾಕುತ್ತವೆ, ಯಾರೂ ಅಟ್ಟುವುದಿಲ್ಲ.

ಎರಡನೆಯ ದಿನ, ನೊರೆಯಲ್ಲಿ

ಅಲೆ ದೊಡ್ಡದೇನಲ್ಲ, ಸೊಂಟದ ಎತ್ತರ. ಒಡೆದು ನೊರೆಯಾಗಿ ದಂಡೆಗೆ ಬರುವಾಗ ಸೆಲ್ವಿ ಹಲಗೆಯನ್ನು ತಳ್ಳುತ್ತಾರೆ, ನಾವು ಎದ್ದು ನಿಲ್ಲಬೇಕು. ಈಜು ಬರುವವಳು ನಾನು. ಈಜು ಬರದ, ನೀರಿಗೆ ಹೆದರುವ ಗಿರಿಜಳಿಗೆ ಧೈರ್ಯ ಹೇಳಲು ನಾನೇ ಮೊದಲು ಹೋದೆ.

ಬಿದ್ದೆ. ಬೀಳುವುದು ತಪ್ಪಲ್ಲ, ಬಿದ್ದ ರೀತಿ ತಪ್ಪಾಯಿತು. ಬಾವಿಯಲ್ಲಿ ಕಲಿತವರಿಗೆ ಕಾಲು ಜಾರಿದ ಕೂಡಲೇ ಮೈ ತಾನೇ ಒಂದು ಕೆಲಸ ಮಾಡುತ್ತದೆ: ಮೂಗು ಹಿಡಿದು, ಮಂಡಿ ಮಡಚಿ, ಗುಂಡಿನಂತೆ ನೇರ ಕೆಳಗೆ. ನಮ್ಮ ಬಾವಿಯಲ್ಲಿ ಕೆಳಗೆ ನಾಲ್ಕಾಳು ನೀರಿತ್ತು. ಇಲ್ಲಿ ಇದ್ದದ್ದು ಮೊಣಕಾಲಿಗಿಂತ ಸ್ವಲ್ಪ ಮೇಲೆ. ಗುಂಡು ಹೋಗಿ ಮರಳಿಗೆ ಬಡಿಯಿತು. ಮುಂದೆ ಎರಡು ದಿನ ನಾನು ಊಟಕ್ಕೆ ಕೂತದ್ದು ದಿಂಬಿನ ಮೇಲೆ.

"ಹಾಗಲ್ಲ. ಹಾಸಿಗೆಯ ಮೇಲೆ ಬೀಳುವಂತೆ ಅಗಲವಾಗಿ ಬೀಳಿ" ಎಂದರು ಸೆಲ್ವಿ. ಸರಿ ಎಂದೆ. ಹನ್ನೊಂದು ಸಲ ಗುಂಡಿನಂತೆಯೇ ಬಿದ್ದೆ. ಬಾವಿಯಲ್ಲಿ ಇನ್ನೊಂದು ಅನುಕೂಲವಿತ್ತು. ಮುಳುಗಿದಲ್ಲೇ ಏಳುತ್ತಿದ್ದೆವು. ಇಲ್ಲಿ ಸೆಲ್ವಿಯ ಪಕ್ಕ ಮುಳುಗಿದವಳು ಯಾರದೋ ದೋಣಿಯ ಪಕ್ಕ ಎದ್ದಿರುತ್ತಿದ್ದೆ.

ಮಧ್ಯಾಹ್ನ ಇನ್ನೂ ದೊಡ್ಡ ತಪ್ಪು ಮಾಡಿದೆ. ಸ್ವಲ್ಪ ಆಳದಲ್ಲಿ ನಾಲ್ಕೈದು ಜನ ಹಲಗೆಗಳ ಮೇಲೆ ಸುಮ್ಮನೆ ಕೂತು ಅಲೆ ಕಾಯುತ್ತಿದ್ದರು. ನನಗೆ ಈಜು ಬರುತ್ತದೆಂದು ಸೆಲ್ವಿ ನನ್ನನ್ನು ಅಲ್ಲಿಗೂ ಕರೆದೊಯ್ದರು. ಒಳ್ಳೆಯ ಅಲೆಯೊಂದು ಬಂತು. ಯಾರೂ ನುಗ್ಗಲಿಲ್ಲ, ಕೂಗಲಿಲ್ಲ, ಅಡ್ಡ ಬರಲಿಲ್ಲ. ಮುಳಬಾಗಿಲಿನಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿಯುವ ನಾನು ಖಾಲಿ ಅಲೆ ಬಿಡುತ್ತೇನೆಯೇ? ಕೈ ಬೀಸಿ ನುಗ್ಗಿದೆ. ಅದೇ ಅಲೆಯ ಮೇಲೆ ಆಗಲೇ ಎದ್ದು ನಿಂತಿದ್ದ ಬಿಳಿಗಡ್ಡದ ವಿದೇಶಿ ಅಜ್ಜನೊಬ್ಬ ನನ್ನನ್ನು ತಪ್ಪಿಸಲು ಹೋಗಿ ತಲೆಕೆಳಗಾಗಿ ಬಿದ್ದ. ಅಲೆ ಒಡೆಯುವ ಜಾಗಕ್ಕೆ ಯಾರು ಹತ್ತಿರವಿದ್ದಾರೋ ಅವರದೇ ಆ ಅಲೆ, ಉಳಿದವರು ಬಿಟ್ಟುಕೊಡಬೇಕು ಎಂದು ಆಮೇಲೆ ತಿಳಿಯಿತು. ಬರೆದಿಟ್ಟ ಕಾನೂನಿಲ್ಲ, ಪೊಲೀಸರಿಲ್ಲ, ಆದರೂ ಎಲ್ಲರೂ ಪಾಲಿಸುತ್ತಾರೆ. ಅಜ್ಜ ಗಡ್ಡ ಹಿಂಡಿಕೊಂಡು ನಗುತ್ತ, ಮುಂದಿನ ಅಲೆ ನೀವೇ ತೆಗೆದುಕೊಳ್ಳಿ ಎಂದು ಕೈ ತೋರಿಸಿದ. ನನಗೆ ನಾಚಿಕೆಯಾಯಿತು.

ಗಿರಿಜ ಅಂದು ನೀರಿಗಿಳಿದದ್ದು ಸೊಂಟದವರೆಗೆ. ಹಲಗೆಯನ್ನು ತಬ್ಬಿಕೊಂಡು ಮೂರು ಸಲ ಮಲಗಿಯೇ ದಂಡೆಗೆ ಬಂದಳು. ಪ್ರತಿ ಸಲವೂ ಅವಳ ಕಾಲಿನ ಪಟ್ಟಿಯನ್ನೇ ನೋಡುತ್ತಿದ್ದೆ. ನೀರಿಗಿಳಿದು ಅವಳ ತಲೆಗೂದಲು ಒದ್ದೆಯಾದದ್ದು ಮೂವತ್ತೇಳು ವರ್ಷದ ಮೇಲೆ. ನಾಳೆ ಇವಳು ಎದ್ದು ನಿಲ್ಲುತ್ತಾಳೆ, ನಿಂತರೆ ಬೀಳುತ್ತಾಳೆ, ಬಿದ್ದಾಗ ಆ ಶೂ ಪಟ್ಟಿ ಕೈಕೊಟ್ಟರೆ?

ಮೂರನೆಯ ದಿನ, ಲಂಗದ ಲಾಡಿ

ಸೆಲ್ವಿ ಹಲಗೆ ತೊಳೆಯುತ್ತಿದ್ದಾಗ ನಾನು ನನ್ನ ಲಂಗದ ಲಾಡಿ ಹಿರಿದು ತಂದೆ. ಗಿರಿಜಳನ್ನು ದೋಣಿಯ ಮರೆಗೆ ಕರೆದು ಕೂರಿಸಿ, ಕಾಲಿನ ಪಟ್ಟಿಯ ಮೇಲೆ ಲಾಡಿಯನ್ನು ಮೂರು ಸುತ್ತು ಸುತ್ತಿ, ತಾತ ಎತ್ತುಗಳಿಗೆ ಹಾಕುತ್ತಿದ್ದ ಗಂಟು ಹಾಕಿದೆ. ಆ ಗಂಟು ಎಳೆದಷ್ಟೂ ಬಿಗಿಯುತ್ತದೆ.

"ಬೇಕೇನೇ ಇದು?" ಎಂದಳು.

"ಸುಮ್ನಿರೇ. ಒಂದು ಸಲ ಆಗಿದ್ದು ಸಾಕು."

ಅವಳು ಗಂಟು ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಹಲಗೆ ಎತ್ತಿಕೊಂಡು ಹೋದಳು.

ಮೊದಲ ಅಲೆಗೇ ಮಂಡಿಯೂರಿ ಎದ್ದಳು. ಒಂದು ಪಾದ ಊರಿದಳು. ಬಿದ್ದಳು. ಅಷ್ಟರಲ್ಲಿ ಹಿಂದಿನಿಂದ ಇನ್ನೊಂದು ನೊರೆಯಲೆ ಬಂದು ಹಲಗೆಯನ್ನು ಎತ್ತಿಕೊಂಡು ದಂಡೆಗೆ ಓಡಿತು. ಹಲಗೆಯ ಹಿಂದೆ ಬಳ್ಳಿ, ಬಳ್ಳಿಯ ಹಿಂದೆ ನನ್ನ ತಂಗಿಯ ಕಾಲು, ಕಾಲಿನ ಹಿಂದೆ ನನ್ನ ತಂಗಿ. ಏಳಲು ನೋಡಿದಳು, ಮತ್ತೊಂದು ಅಲೆ ಬಂದು ಉರುಳಿಸಿತು. ಪಟ್ಟಿ ಎಳೆದು ಬಿಚ್ಚಿಕೊಳ್ಳೋಣವೆಂದು ಅವಳ ಕೈ ಕಾಲಿಗೆ ಹೋದದ್ದು ನನಗೆ ಕಾಣಿಸಿತು. ಪಟ್ಟಿಯ ಮೇಲೆ ಎತ್ತಿನ ಗಂಟು.

ನಾನು ಓಡಿದ್ದು ನೆನಪಿಲ್ಲ. ಸೆಲ್ವಿ ನನಗಿಂತ ಮೊದಲು ತಲುಪಿ, ಹಲಗೆಯ ಮೇಲೆ ಮೈಯಿಡೀ ಹಾಕಿ ನಿಲ್ಲಿಸಿದರು. ಉಗುರಿನಿಂದ ಗಂಟು ಬಿಚ್ಚಲಾಗಲಿಲ್ಲ. ಗಿರಿಜಳನ್ನು ದಂಡೆಗೆ ಎಳೆದು ತಂದು, ಬಲೆ ಕತ್ತರಿಸುವ ಚೂರಿಯಿಂದ ಲಾಡಿ ಕೊಯ್ದರು. ಹರಡಿನ ಸುತ್ತ ಕೆಂಪು ಬರೆ ಎದ್ದಿತ್ತು. ಅವಳು ಕೆಮ್ಮಿ ಕೆಮ್ಮಿ ಉಪ್ಪುನೀರು ಉಗಿದಳು.

"ಯಾರು ಇದನ್ನು ಕಟ್ಟಿದ್ದು?" ಎಂದರು ಸೆಲ್ವಿ. ಮೆತ್ತನೆಯ ಮಾತು ಎಲ್ಲಿ ಹೋಯಿತೋ! ಹೋಂವರ್ಕ್ ತರದ ಮಕ್ಕಳು ನನ್ನೆದುರು ಎತ್ತುವ ಹಾಗೆ ನಾನು ಕೈ ಎತ್ತಿದೆ.

"ಅಕ್ಕಾ, ಬಾವಿಯ ನೀರು ಎಲ್ಲಿಗೂ ಹೋಗುವುದಿಲ್ಲ, ಅಲ್ಲಿ ಗಂಟು ಕಾಯುತ್ತದೆ. ಕಡಲು ಓಡುತ್ತದೆ. ಇಲ್ಲಿ ಕಟ್ಟಿದ್ದು ಒಂದೇ ಎಳೆತಕ್ಕೆ ಬಿಚ್ಚಬೇಕು. ಇಲ್ಲದಿದ್ದರೆ ಕಟ್ಟಲೇಬಾರದು."

ನಾನು ಮರಳಿನ ಮೇಲೆ ಕುಸಿದು ಅತ್ತೆ. ಮೊದಲ ಸಲ ಗಂಟು ಸಡಿಲವಾಗಿ ಮುಳುಗಿಸಿದೆ, ಎರಡನೆಯ ಸಲ ಬಿಗಿಯಾಗಿ ಮುಳುಗಿಸಿದೆ ಎಂದು ಗಟ್ಟಿಯಾಗಿಯೇ ಹೇಳಿಕೊಂಡು ಅತ್ತೆ.

ಗಿರಿಜ ಕೆಮ್ಮುವುದನ್ನು ನಿಲ್ಲಿಸಿದಳು. "ಅಳಬೇಡ ಕಣೇ. ಆ ಗಂಟು ಬಿಚ್ಚಿಹೋಗಿರಲಿಲ್ಲ. ನಾನೇ ಬಿಚ್ಚಿದ್ದು."

"ಏನು?"

"ಅವತ್ತು. ಬಾವೀಲಿ. ನೀನು ಕಟ್ಬಿಟ್ಟು ಮೇಲಕ್ಕೆ ಹತ್ತಿದ್ಯಲ್ಲ, ಆಗ. ನೀನು ಹಗ್ಗ ಇಲ್ದೆ ಹಾರ್ತಿದ್ದೆ, ನನ್ನ ಮಾತ್ರ ಎಲ್ರೂ ಹಗ್ಗದ ಕರು ಅಂತಿದ್ರು. ಉಗುರಲ್ಲಿ ಬರ್ಲಿಲ್ಲ. ಹಲ್ಲಲ್ಲಿ ಕಚ್ಚಿ ಎಳೆದೆ. ಅಲ್ಲಾಡ್ತಿದ್ದ ಹಲ್ಲು ಅಲ್ಲೇ ಕಿತ್ತು ಬಂತು. ಸುಮ್ನೆ ಸೊಂಟಕ್ಕೆ ಸುತ್ಕೊಂಡು ಕೈಯಲ್ಲಿ ಹಿಡ್ಕೊಂಡು ಹಾರಿದೆ."

ದಂಡೆಯ ಹಸುಗಳು

ನನ್ನ ಅಳು ತಟ್ಟನೆ ನಿಂತಿತು. ಅದರ ಜಾಗದಲ್ಲಿ ಬಂದ ಸಿಟ್ಟನ್ನು ಹೇಗೆ ಹೇಳಲಿ? ಹುಡುಗಿಯಾಗಿದ್ದಾಗಿನಿಂದ ಕೇಳಿದ ಮಾತುಗಳೆಲ್ಲ, ಪೆಟ್ಟಿಗೆ, ತೋರಣ, ಹಸು, ಒಟ್ಟಿಗೇ ನೆನಪಾದವು.

"ನಿನ್ನ ಮದುವೇಲಿ ನೀನೂ ನಕ್ಕೆ ಕಣೇ!" ಎಂದು ಕೂಗಿದೆ. ಸೆಲ್ವಿಗೆ ಕನ್ನಡ ತಿಳಿಯದಿದ್ದರೂ ಹಲಗೆ ಎತ್ತಿಕೊಂಡು ಮೆಲ್ಲಗೆ ದೂರ ಸರಿದರು.

ದಂಡೆಯ ತುದಿಗೆ ಹೋಗಿ ಹಸುಗಳ ನಡುವೆ ಕೂತೆ. ಬಿಸಿಲು ಏರಿತು. ಗಿರಿಜ ಕುಂಟುತ್ತ ಬಂದು ಒಂದು ಹಸುವಿನ ಆ ಕಡೆ ಕೂತಳು. ನಡುವೆ ಹಸುವಿದ್ದದ್ದು ಇಬ್ಬರಿಗೂ ಒಳ್ಳೆಯದಾಯಿತು.

"ತಾತ ಹೊಡೀತಾರೆ ಅಂತ ಹೆದರಿ ಹೇಳ್ಲಿಲ್ಲ. ಆಮೇಲೆ ಹೇಳೋಣ ಅಂದ್ಕೊಂಡೆ. ಒಂದು ವಾರ ಮುಚ್ಚಿಟ್ಟಿದ್ದನ್ನ ಹೇಳ್ಬೋದು. ಹತ್ತು ವರ್ಷ ಆದ್ಮೇಲೆ ಹೆಂಗೇ ಹೇಳೋದು? ಮದುವೇಲಿ ನಗದೆ ಇದ್ರೆ ಅಲ್ಲೇ ಅತ್ಬಿಡ್ತಿದ್ದೆ."

ನಾನು ಹಸುವಿನ ಬೆನ್ನಿಗೆ ಅಂಟಿದ್ದ ಮರಳು ಕೊಡವಿದೆ.

"ನೀರಂದ್ರೆ ಹೆದರಿಕೆ ಅಂತ ಎಲ್ರೂ ಅಂದ್ಕೊಂಡ್ರಿ. ಹೆದರಿಕೆ ಏನೋ ಇತ್ತು. ಅದಕ್ಕಿಂತ ಜಾಸ್ತಿ ಏನ್ ಗೊತ್ತಾ? ನಾನು ನೀರಿಗಿಳಿದ್ರೆ ನೀನು ಮತ್ತೆ ಹಗ್ಗ ತಂದು ಕಟ್ತೀಯ. ಆಗ ನಿನ್ನ ಮುಖ ಹೆಂಗೆ ನೋಡ್ಲಿ? ಇಲ್ಲಿಗೆ ಬಂದಿದ್ದೇ ಹೇಳೋಕೆ. ಏರ್‌ಪೋರ್ಟಲ್ಲಿ ಹಗ್ಗ ನೋಡಿದ್ಮೇಲೆ ಬಾಯೇ ಬರ್ಲಿಲ್ಲ."

ಹಸು ಎದ್ದು ಹೋಯಿತು. ಅವಳ ಕಾಲಿನ ಬರೆ ಕಾಣಿಸಿತು. ಉಪ್ಪುನೀರಿಗೆ ಉರಿಯುತ್ತಿರಬೇಕು. ನನ್ನ ಕೈಚೀಲದಲ್ಲಿ ಮುಲಾಮಿತ್ತು, ಅವಳದೇ ಅಂಗಡಿಯದು. ಹಚ್ಚಿದೆ. ಹಚ್ಚುವಾಗ ಬೇಕೆಂದೇ ಸ್ವಲ್ಪ ಜೋರಾಗಿ ಒತ್ತಿದೆ.

"ಅಯ್ಯೋ, ನಿಧಾನ್ವೇ!"

"ಮೂವತ್ತೇಳು ವರ್ಷ ಕಣೇ, ಮೂವತ್ತೇಳು. ಊರಿಗೆ ಹೋದ್ಮೇಲೆ ಅಮ್ಮನ ಮುಂದೆ ಹೇಳ್ಬೇಕು ನೀನು."

"ಹೇಳ್ತೀನಿ."

"ಚಿಕ್ಕಮ್ಮನ ಮುಂದೆ?"

ಅವಳು ಸ್ವಲ್ಪ ಯೋಚಿಸಿದಳು. "ಚಿಕ್ಕಮ್ಮನ ಮುಂದೇನೂ ಹೇಳ್ತೀನಿ."

ಕೊನೆಯ ಬೆಳಗ್ಗೆ

ಬರೆ ಆರಲಿ ಎಂದು ಒಂದು ದಿನ ಬಿಟ್ಟೆವು. ಕೊನೆಯ ಬೆಳಗ್ಗೆ ಗಿರಿಜ ಪಟ್ಟಿಯನ್ನು ಇನ್ನೊಂದು ಕಾಲಿಗೆ ತಾನೇ ಅಂಟಿಸಿಕೊಂಡು ಹೋದಳು. ನಾನು ನೀರಿನ ಅಂಚಿನಲ್ಲಿ ನಿಂತೆ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಬೆನ್ನ ಹಿಂದೆ ಕಟ್ಟಿದೆ, ಬಿಟ್ಟೆ, ಸೊಂಟದ ಮೇಲಿಟ್ಟೆ.

ಸೆಲ್ವಿ ತಳ್ಳಿದರು. "ಎಳುಂಬುಂಗೋ!"

ಎದ್ದಳು. ಮಂಡಿ ಬಾಗಿಸಿ, ಎರಡು ಕೈ ಚಾಚಿ, ಬಾಯಿ ಅಷ್ಟಗಲ ತೆರೆದು ನನ್ನ ತಂಗಿ ನೀರಿನ ಮೇಲೆ ನಿಂತುಕೊಂಡು ಬಂದಳು. ನೊರೆ ಸವೆದು, ಹಲಗೆ ಮರಳಿಗೆ ತಾಗಿ ನಿಲ್ಲುವವರೆಗೂ ನಿಂತೇ ಇದ್ದಳು. ಆಮೇಲೆ ಬಸ್ಸಿಳಿದಂತೆ ಆರಾಮಾಗಿ ಇಳಿದಳು. ನನಗೆ ಎಷ್ಟು ಸಂತೋಷವಾಯಿತೆಂದರೆ ಪಕ್ಕದಲ್ಲಿ ನಿಂತಿದ್ದ ಬಿಳಿಗಡ್ಡದ ಅಜ್ಜನ ಕೈ ಹಿಡಿದು ಕುಣಿದೆ. ಆಮೇಲೆ ನಾನೂ ಇಳಿದೆ. ನಿಂತದ್ದು ಎಣಿಸಿದರೆ ಎರಡು ಸೆಕೆಂಡು. ಬಿದ್ದದ್ದು ಮಾತ್ರ ಅಗಲವಾಗಿ, ಹಾಸಿಗೆಯ ಮೇಲೆ ಬಿದ್ದಂತೆ. ಸೆಲ್ವಿ ಚಪ್ಪಾಳೆ ತಟ್ಟಿದ್ದು ಅದಕ್ಕೇ.

ಹೊರಡುವಾಗ ಅವರು ತಾಳೆಬೆಲ್ಲ, ಚಕ್ಕೆ, ನಮ್ಮಮ್ಮನಿಗೆಂದು ಒಂದು ಹೆಣೆದ ಬುಟ್ಟಿ ಎಲ್ಲ ಸೇರಿಸಿ ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ ಕೊಟ್ಟರು. ಕಟ್ಟಲು ಏನಾದರೂ ಬೇಕಿತ್ತು. ಗಿರಿಜ ಅಂಗಳಕ್ಕೆ ಹೋಗಿ, ಟವೆಲ್ಲುಗಳನ್ನು ತೆಗೆದು, ತೆಂಗಿನಮರದಿಂದ ಬಾವಿ ಹಗ್ಗ ಬಿಚ್ಚಿ ತಂದು ನನ್ನ ಕೈಯಲ್ಲಿಟ್ಟಳು.

"ನೀನೇ ಕಟ್ಟೇ" ಎಂದಳು.

ಮುಳಬಾಗಿಲು

ಎರಡು ವಿಮಾನ ನಿಲ್ದಾಣ, ಒಂದು ಟ್ಯಾಕ್ಸಿ, ಒಂದು ಬಸ್ಸು, ಒಂದು ಆಟೋ ದಾಟಿ ಪೆಟ್ಟಿಗೆ ನಮ್ಮ ನಡುಮನೆಗೆ ಬಂತು. ಅಮ್ಮ ಮುಂದೆ ಕೂತು ಗಂಟಿಗೆ ಕೈ ಹಾಕಿದರು. ಉಗುರು ಹಾಕಿದರು, ಚಮಚದ ಹಿಡಿ ತೂರಿಸಿದರು. ಗಂಟು ಜಗ್ಗಲಿಲ್ಲ. ಆಂಧ್ರದ ಗಡಿಯ ರಾಯಲ್ಪಾಡಿನ ಮಗಳಾದ ನಮ್ಮಮ್ಮನಿಗೆ ಸಿಟ್ಟು ಬಂದರೆ ತೆಲುಗು ಬರುತ್ತದೆ.

"ಎವರೇ ಇದಿ ಕಟ್ಟಿಂದಿ?"

"ಅಕ್ಕ ಕಟ್ಟಿದ್ದಮ್ಮ" ಎಂದಳು ಗಿರಿಜ. ಅಮ್ಮ ನಂಬದೆ ನನ್ನ ಕಡೆ ನೋಡಿದರು. ಆಗ ಗಿರಿಜ ನೆಲದ ಮೇಲೆ ಅಮ್ಮನ ಎದುರಿಗೆ ಕೂತು, ಬಾವಿ, ಹಲ್ಲು, ಎಲ್ಲವನ್ನೂ ತಲೆ ತಗ್ಗಿಸದೆ ಹೇಳಿದಳು. ಅಮ್ಮ ಚಮಚ ಕೆಳಗಿಟ್ಟರು. ಆಮೇಲೆ ನನ್ನ ಬಲಗೈ ತೆಗೆದುಕೊಂಡು ತಮ್ಮ ಮಡಿಲಲ್ಲಿಟ್ಟುಕೊಂಡರು.

ಪೆಟ್ಟಿಗೆ ತೆರೆಯಲಿಲ್ಲ. "ಇರ್ಲಿ ಬಿಡು, ಬೆಲ್ಲ ಏನ್ ಓಡ್ಹೋಗತ್ತಾ" ಎಂದರು ಅಮ್ಮ. ಭಾನುವಾರ ಚಿಕ್ಕಮ್ಮನನ್ನು ಕಾಫಿಗೆ ಕರೆಸಿದರು, ಗಿರಿಜಳನ್ನೂ ಶ್ರೀನಿವಾಸಪುರದಿಂದ ಮತ್ತೆ ಕರೆಸಿದರು. ಚಿಕ್ಕಮ್ಮ ಕೂತ ಕೂಡಲೇ ಪೆಟ್ಟಿಗೆಯನ್ನು ಅವರ ಮುಂದೆ ತಳ್ಳಿ, "ಸುಮಿತ್ರ ಕಟ್ಟಿದ್ದು. ಬಿಚ್ಚು ನೋಡೋಣ" ಎಂದರು.

ಚಿಕ್ಕಮ್ಮ ನಗುತ್ತ ಸೆರಗು ಸಿಕ್ಕಿಸಿಕೊಂಡರು. ಅವರು ಎಳೆಯುತ್ತಿರುವಾಗಲೇ ಗಿರಿಜ ಮಾತು ಕೊಟ್ಟಂತೆ ಎಲ್ಲವನ್ನೂ ಇನ್ನೊಮ್ಮೆ ಹೇಳಿದಳು. ಕಾಫಿ ಆರಿತು, ಕೆನೆ ಕಟ್ಟಿತು. ಚಿಕ್ಕಮ್ಮನ ನಗು ನಿಂತಿತ್ತು, ಹಣೆ ಬೆವರಿತ್ತು. ಕೊನೆಗೆ ಅವರು ನನ್ನ ಮುಖ ನೋಡದೆ, ಕುಡುಗೋಲು ಕೊಡೇ ಸುಮಿತ್ರ ಎಂದು ಕೈ ಚಾಚಿದರು.